ಹೆಸರು ಕೊಡಲೋ ಬೇಡವೋ ಎಂದ ಹಸೀನಾಳಿಗೆ

ಘಟಪ್ರಭಾ ದಂಡೆ ವಿಶ್ವವಿದ್ಯಾಲಯ
ಫೆಬ್ರವರಿ 30, 2191

ಪ್ರಿಯ ಹಸೀನಾ ನದಾಫ,

ಮೇಲಿನ ತಾರೀಖು ನೋಡಿ ನಗಬೇಡ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಸರಿಯಾಗಿ ಮೂವತ್ತೇ ದಿನ. ವರ್ಷದ ಕೊನೆಗೆ ಉಳಿಯುವ ಐದು ದಿನಗಳನ್ನು ಯಾವ ತಿಂಗಳಿಗೂ ಸೇರಿಸದೆ 'ಬಿಡುವಿನೈದು' ಎಂದು ಕರೆದು, ಆಗ ಯಾರೂ ಯಾರಿಗೂ ಕೆಲಸ ಹೇಳಬಾರದೆಂದು ಕಟ್ಟು ಮಾಡಿದ್ದೇವೆ. ಇಂಥ ವಿಚಿತ್ರ ಪದಗಳು ಈ ಪತ್ರದಲ್ಲಿ ಇನ್ನೂ ಬರುತ್ತವೆ, ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ನನಗಿಂತ ನೂರೈವತ್ತು ವರ್ಷಕ್ಕೂ ಹೆಚ್ಚು ಹಿರಿಯಳಾದ ನಿನ್ನನ್ನು ಏಕವಚನದಲ್ಲಿ ಕರೆಯುತ್ತಿರುವುದಕ್ಕೂ ಕ್ಷಮೆ ಇರಲಿ. ನಮ್ಮಲ್ಲಿ ಉಳಿದಿರುವ ನಿನ್ನ ನಾಲ್ಕು ಸಾಲುಗಳನ್ನು ಬರೆದಾಗ ನಿನಗೆ ಹತ್ತೊಂಬತ್ತು, ಇದನ್ನು ಬರೆಯುವಾಗ ನನಗೂ ಹತ್ತೊಂಬತ್ತು. ಹೀಗಿರುವಾಗ ನಮ್ಮೊಳಗೆ 'ತಾವು' 'ತಮ್ಮ' ಎಂದರೆ ಕೃತಕವಾಗಿ ಕೇಳಿಸುತ್ತದೆ.

ನನ್ನ ಹೆಸರು ನೀಲಗಂಗಾ ತೇರದಾಳ. ಸಂಖ್ಯಾಶಾಸ್ತ್ರದ ಎರಡನೇ ವರ್ಷದ ವಿದ್ಯಾರ್ಥಿನಿ. ಹೋದ ವಾರವಷ್ಟೇ ನಾನು 'ಜೊತೆಯಾಳು' ಆದೆ. ಮೇಲಿನ ತರಗತಿಯ ವಿದ್ಯಾರ್ಥಿಯೊಬ್ಬರು ಹೊಸಬರ ಜೊತೆ ಕೂತು, ಅವರು ತಾವೇ ಕಲಿಯುವ ಹಾಗೆ ನೋಡಿಕೊಳ್ಳುವ ಪದ್ಧತಿಗೆ ನಾವು 'ಕೂಡುಕಲಿಕೆ' ಎನ್ನುತ್ತೇವೆ, ಹಾಗೆ ಕೂರುವವರು ಜೊತೆಯಾಳು. ಹೊಸ ಜೊತೆಯಾಳು ಹಿಂದಿನ ಕಾಲದ ಒಬ್ಬ ವಿದ್ಯಾರ್ಥಿಗೆ ಒಂದು ಪತ್ರ ಬರೆಯುವುದು ನಮ್ಮ ಸಂಪ್ರದಾಯ. ಇವಕ್ಕೆ 'ಹಿಂದೋಲೆ' ಎಂದು ಹೆಸರು. ಹಿಂದೋಲೆಗಳು ತಲುಪುವುದು ಸಾಧ್ಯವೇ ಇಲ್ಲ ಎಂದು ಭೌತಶಾಸ್ತ್ರ ವಿಭಾಗದವರು ಪ್ರತಿವರ್ಷ ತಪ್ಪದೆ ನೆನಪಿಸುತ್ತಾರೆ. ಅವರ ವಿಭಾಗದ ಗಡಿಯಾರ ಎಂಟು ನಿಮಿಷ ಹಿಂದಿದೆ, ಆದ್ದರಿಂದ ಅವರ ಮಾತನ್ನು ನಾನು ಪೂರ್ತಿ ನಂಬಿಲ್ಲ.

ನಿನಗೇ ಯಾಕೆ ಬರೆಯುತ್ತಿದ್ದೇನೆ ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಮೊದಲು ನಮ್ಮ ದಿನಗಳ ಬಗ್ಗೆ ಸ್ವಲ್ಪ ಕೇಳು. ನಮ್ಮಲ್ಲಿ ಉತ್ತರಗಳಿಗೆ ಬರವಿಲ್ಲ. ಪ್ರತಿ ಮನೆಯ ಗೂಡಿನಲ್ಲೂ ಅಂಗೈಯಗಲದ ಒಂದು 'ಹೇಳುಗಲ್ಲು' ಇರುತ್ತದೆ. ಏನು ಕೇಳಿದರೂ ಹೇಳುತ್ತದೆ, ಸರಿಯಾಗಿಯೇ ಹೇಳುತ್ತದೆ, ಕೇಳದಿದ್ದರೂ ಒಮ್ಮೊಮ್ಮೆ ಹೇಳುತ್ತದೆ. ಅದು ಬಂದ ಮೇಲೆ ಒಂದು ತಲೆಮಾರು ಏನನ್ನೂ ಕಲಿಯದೆ ಪಾಸಾಯಿತಂತೆ. ಸೇತುವೆ ಕಟ್ಟುವವರು ಕಲ್ಲನ್ನು ಕಿಸೆಯಲ್ಲಿಟ್ಟುಕೊಂಡು ಓಡಾಡುವುದನ್ನು ನೋಡಿ ಜನ ಸೇತುವೆ ಹತ್ತಲು ಹೆದರಿದ ಮೇಲೆ ವಿಶ್ವವಿದ್ಯಾಲಯಗಳು ಎಚ್ಚೆತ್ತವು. ಈಗ ನಮ್ಮ ಕ್ಯಾಂಪಸ್ಸಿನ ಬಾಗಿಲಲ್ಲಿ ಚಪ್ಪಲಿ ಬಿಡುವ ಹಾಗೆ ಹೇಳುಗಲ್ಲು ಬಿಟ್ಟು ಒಳಗೆ ಬರಬೇಕು. ಹದಿನೇಳರವರಿಂದ ಎಪ್ಪತ್ತರವರ ತನಕ ಎಲ್ಲ ವಯಸ್ಸಿನವರೂ ಒಂದೇ ತರಗತಿಯಲ್ಲಿ ಕೂರುತ್ತಾರೆ. ಕೂಡುಕಲಿಕೆ ನಡೆಯುವುದು ಗ್ರಂಥಾಲಯದ ಹಿಂದಿನ ಬೇವಿನ ಮರಗಳ ಕೆಳಗೆ, ಒಂದೊಂದು ಗುಂಪಿಗೆ ಒಂದೊಂದು ನವಲಗುಂದದ ಜಮಖಾನೆ. ಮಧ್ಯಾಹ್ನದ ಊಟಕ್ಕೆ ರೊಟ್ಟಿ ಇನ್ನೂ ಕೈಯಲ್ಲೇ ಬಡಿಯುತ್ತಾರೆ. ಅದನ್ನು ಯಂತ್ರಕ್ಕೆ ಕಲಿಸಲು ಎಂಬತ್ತು ವರ್ಷ ಒದ್ದಾಡಿ ಕೈಬಿಟ್ಟರು ಎಂಬುದು ನಮ್ಮ ಭಾಗದ ಹೆಮ್ಮೆಗಳಲ್ಲಿ ಒಂದು.

ಜೊತೆಯಾಳು ಆಗುವುದು ಸುಲಭವಲ್ಲ. ಹೆಚ್ಚು ಅಂಕ ತೆಗೆದವರನ್ನು ಇದಕ್ಕೆ ಕರೆಯುವುದಿಲ್ಲ. ಅರ್ಜಿಯ ಜೊತೆ 'ತಪ್ಪೋಲೆ' ತರಬೇಕು. ಅಂದರೆ ಆ ವಿಷಯದಲ್ಲಿ ನಾವು ಒಮ್ಮೆಯಾದರೂ ನಪಾಸಾದ ಉತ್ತರಪತ್ರಿಕೆ. ಅದನ್ನು ಎಲ್ಲರೆದುರು ನಿಂತು ಗಟ್ಟಿಯಾಗಿ ಓದಬೇಕು. ನನ್ನ ತಪ್ಪೋಲೆಯಲ್ಲಿ ಒಂದು ಊರಿನ ವರ್ಷದ ಸರಾಸರಿ ಮಳೆ ಮೈನಸ್ ಹದಿನಾಲ್ಕು ಮಿಲಿಮೀಟರ್ ಎಂದು ಬರೆದು, ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದೆ. "ನಿಮ್ಮೂರಾಗ ಮಳಿ ನೆಲದಿಂದ ಮ್ಯಾಲಕ್ಕ ಹೊಕ್ಕೈತೇನ?" ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು. ಇಡೀ ಸಭಾಂಗಣ ಹೊಟ್ಟೆ ಹಿಡಿದುಕೊಂಡು ನಕ್ಕಿತು, ನನ್ನನ್ನು ಅಲ್ಲೇ ಆರಿಸಿದರು. ಕೂಡುಕಲಿಕೆ ನೋಡಿಕೊಳ್ಳುವ ನಮ್ಮ ಮೇಡಂ ಹೇಳುವ ಪ್ರಕಾರ, ಎಡವಿದ ಜಾಗ ಗೊತ್ತಿದ್ದವರೇ ಆ ದಾರಿಯಲ್ಲಿ ಜೊತೆಗೆ ಬರಲು ಲಾಯಕ್ಕು.

ಆರಿಸಿದ ಮೇಲೆ ನಲವತ್ತು ದಿನಗಳ ಪರೀಕ್ಷೆ. ಐದು ಜನ ಹೊಸಬರ ಒಂದು ಗುಂಪು ಕೊಡುತ್ತಾರೆ. ನಲವತ್ತನೆಯ ದಿನ ಐವರೂ ಜಮಖಾನೆಯ ಮೇಲಿದ್ದರೆ ನಾವು ಜೊತೆಯಾಳು. ಒಬ್ಬರು ಬಿಟ್ಟುಹೋಗಿದ್ದರೂ ನಮಸ್ಕಾರ ಹೇಳಿ ಮನೆಗೆ ಕಳಿಸುತ್ತಾರೆ. ಇದರ ಜೊತೆಗೆ ಕಡ್ಡಾಯವಾದ ಒಂದೇ ಒಂದು ನಿಯಮವಿದೆ. ಜೊತೆಯಾಳು ಉತ್ತರ ಹೇಳಬಾರದು. ನಾಲಿಗೆ ತುದಿಗೆ ಉತ್ತರ ಬಂದಾಗ ತಡೆದುಕೊಳ್ಳುವುದು ಎಷ್ಟು ಕಷ್ಟ ಎಂಬುದು ನಿನಗೆ ಗೊತ್ತಿರಬಹುದು. ಅದಕ್ಕಾಗಿ ನಮ್ಮ ಸೊಂಟಕ್ಕೆ ಹುರಿದ ಶೇಂಗಾದ ಒಂದು ಚೀಲ ಕಟ್ಟುತ್ತಾರೆ. ಯಾರಾದರೂ ಪ್ರಶ್ನೆ ಕೇಳಿದ ಕೂಡಲೇ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು, ಗುಂಪಿನಲ್ಲಿ ಇನ್ನೊಬ್ಬರು ಬಾಯಿ ಬಿಡುವವರೆಗೂ ಅಗಿಯುತ್ತ ಕೂರಬೇಕು. ಇದೇ 'ಶೇಂಗಾ ನಿಯಮ'. ಮೊದಲ ಇಪ್ಪತ್ತು ದಿನಗಳಲ್ಲಿ ನಾನು ಎರಡು ಕಿಲೋ ತೂಕ ಏರಿದೆ. ಗುಂಪು ಎಷ್ಟು ಚೆನ್ನಾಗಿ ಕಲಿಯುತ್ತಿದೆ ಎಂಬುದನ್ನು ಜೊತೆಯಾಳಿನ ಗಲ್ಲ ನೋಡಿ ಹೇಳಬಹುದು ಎಂಬ ಮಾತು ನಮ್ಮಲ್ಲಿದೆ.

ನನ್ನ ಗುಂಪಿನಲ್ಲಿ ದ್ಯಾಮವ್ವ ಬಾರಕೇರ ಎಂಬವರಿದ್ದರು. ಅರವತ್ತೊಂದು ವರ್ಷ. ಮೂವತ್ತೆಂಟು ವರ್ಷ ಕಾಲುವೆಯ ತೂಬು ಕಾಯ್ದು, ಯಾವ ಹೊಲಕ್ಕೆ ಯಾವಾಗ ನೀರು ಎಂದು ಪಾಳಿ ಹಚ್ಚಿ, ಒಮ್ಮೆಯೂ ಜಗಳವಾಗದಂತೆ ನೋಡಿಕೊಂಡವರು. ಈಗಲೂ ಬೆಳಗಿನ ಹೊತ್ತು ಅದೇ ಕೆಲಸ. ಅವರು ಸಿಕ್ಕಿಬಿದ್ದದ್ದು ಒಂದೇ ಒಂದು ಲೆಕ್ಕದಲ್ಲಿ. ನಾಣ್ಯಗಳನ್ನು ನಾವೀಗ ಗಣಿತದ ಕೋಣೆಯಲ್ಲಿ ಮಾತ್ರ ನೋಡುತ್ತೇವೆ, ಗುಂಪಿಗೊಂದರಂತೆ ನಿಮ್ಮ ಕಾಲದ ಹಳೆಯ ನಾಣ್ಯ ಕೊಟ್ಟಿರುತ್ತಾರೆ. ಅದರ ಒಂದು ಮುಖಕ್ಕೆ ತಲೆ, ಇನ್ನೊಂದಕ್ಕೆ ಹೂವು ಎನ್ನುತ್ತೇವೆ. ಅದನ್ನು ಹತ್ತು ಸಲ ಚಿಮ್ಮಿದಾಗ ಹತ್ತೂ ಸಲ ತಲೆ ಬಿದ್ದರೆ ಹನ್ನೊಂದನೆಯ ಸಲ ಏನು ಬೀಳಬಹುದು ಎಂಬುದು ಪ್ರಶ್ನೆ. ದ್ಯಾಮವ್ವ ಒಂದಿಷ್ಟೂ ಅನುಮಾನವಿಲ್ಲದೆ ಹೂವು ಎಂದರು. "ಹತ್ತ ಸರ್ತಿ ಒಬ್ಬರ ಪಾಳಿ ಆದಮ್ಯಾಲ ಇನ್ನೊಬ್ಬರ ಪಾಳಿ ಬರಬೇಕಲ್ಲ? ಇಲ್ಲಂದ್ರ ಅದು ಯಾವ ನ್ಯಾಯ?"

ನಾಣ್ಯಕ್ಕೆ ಹಿಂದಿನದು ನೆನಪಿರುವುದಿಲ್ಲ, ಪ್ರತಿ ಸಲವೂ ಎರಡೂ ಮುಖಕ್ಕೆ ಸಮ ಅವಕಾಶ ಎಂದು ಗುಂಪಿನ ಉಳಿದ ನಾಲ್ವರು ಹೇಳಿದರು, ಚಿತ್ರ ಬರೆದರು, ಆಣೆ ಹಾಕಿದರು. ದ್ಯಾಮವ್ವ ಜಗ್ಗಲಿಲ್ಲ. ಮೂವತ್ತೆಂಟು ವರ್ಷ ನೀರು ಸಿಗದವರ ಪಾಳಿಯನ್ನು ನೆನಪಿಟ್ಟುಕೊಂಡವರಿಗೆ, ಏನನ್ನೂ ನೆನಪಿಡದ ವಸ್ತುವೊಂದು ಇರಬಹುದು ಎಂದು ಒಪ್ಪುವುದೇ ಕಷ್ಟವಾಗಿತ್ತು. ಎರಡು ಕಿರುಪರೀಕ್ಷೆಗಳಲ್ಲಿ ಅದೇ ಲೆಕ್ಕ ತಪ್ಪಿ ಅವರು ಕೆಳಗೆ ಬಿದ್ದರು. ನಾನು ಶೇಂಗಾ ತಿನ್ನುತ್ತಲೇ ಇದ್ದೆ.

ಮೂವತ್ತೊಂದನೆಯ ದಿನ ಬಂತು. ಮೂರನೆಯ ಕಿರುಪರೀಕ್ಷೆಯೂ ಕೈಕೊಟ್ಟಿತ್ತು. ದ್ಯಾಮವ್ವ ಪುಸ್ತಕಗಳನ್ನು ಚೀಲಕ್ಕೆ ಹಾಕಿ, ಎದ್ದು ನಿಂತು, ಯಾರ ಮುಖವನ್ನೂ ನೋಡದೆ ಕೇಳಿದರು. "ನನಗ ಇದು ಹತ್ತೂದಿಲ್ಲ ಅನಸ್ತೈತಿ. ನಾಳೆಯಿಂದ ಬರ್ಲ್ಯೋ ಬ್ಯಾಡೋ?"

ಪ್ರಶ್ನೆ ಕಿವಿಗೆ ಬಿದ್ದದ್ದೇ ತಡ, ನನ್ನ ಕೈ ತಾನಾಗಿ ಚೀಲಕ್ಕೆ ಹೋಗಿ ನಾಲ್ಕು ಕಾಳು ಬಾಯಿಗೆ ಹಾಕಿತು. ಮೂವತ್ತು ದಿನಗಳ ಅಭ್ಯಾಸ ಹಸೀನಾ, ನಾನು ಅಗಿಯುತ್ತ ಕೂತೆ. ನನ್ನನ್ನು ನೋಡಿ ನೋಡಿ ಗುಂಪಿನವರಿಗೂ ತಡೆದು ನಿಲ್ಲುವುದು ರೂಢಿಯಾಗಿತ್ತು. ಇನ್ನೊಬ್ಬರು ಹೇಳಲಿ ಎಂದು ಒಬ್ಬೊಬ್ಬರೂ ಕಾದರು. ದ್ಯಾಮವ್ವ ಸ್ವಲ್ಪ ಹೊತ್ತು ನಿಂತಿದ್ದು, "ಆತು ಬಿಡ್ರಿ" ಎಂದು ಚಪ್ಪಲಿ ಮೆಟ್ಟಿಕೊಂಡು ಹೋದರು. ಅವರು ಗೇಟು ದಾಟಿದ ಮೇಲೆ ನನಗೆ ಅರ್ಥವಾಯಿತು, ಅದು ಪಾಠದ ಪ್ರಶ್ನೆ ಆಗಿರಲಿಲ್ಲ.

ಮರುದಿನ ಅವರು ಬರಲಿಲ್ಲ. ಅದರ ಮರುದಿನವೂ ಇಲ್ಲ, ಮೂರನೆಯ ದಿನವೂ ಇಲ್ಲ. ನನಗೆ ಜೊತೆಯಾಳು ಪಟ್ಟ ಹೋಗುತ್ತದೆ ಎಂಬ ಹೆದರಿಕೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಅದಕ್ಕಿಂತ ನಾಚಿಕೆ ಹೆಚ್ಚಾಗಿತ್ತು. ಮೊದಲ ವರ್ಷ ನಾನು ಗಂಟು ಕಟ್ಟಿ ಊರಿಗೆ ಹೊರಟಾಗ ನನ್ನ ಜೊತೆಯಾಳು ಬಸ್ಸಿನ ತನಕ ಓಡಿಬಂದು ನಿಲ್ಲಿಸಿದ್ದಳು. ದ್ಯಾಮವ್ವ ಹೊರಟಾಗ ನಾನು ಜಮಖಾನೆಯಿಂದ ಏಳಲೂ ಇಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಶೇಂಗಾ ಚೀಲ ಬಿಚ್ಚಿಟ್ಟು, ಬಿಸಿಲಿನಿಂದ ಓಡುವ ಸೈಕಲ್ ಹತ್ತಿ ಕಾಲುವೆಯ ಕಡೆ ಹೊರಟೆ. ಮೋಡ ಮುಸುಕಿದ್ದರಿಂದ ಅರ್ಧ ದಾರಿ ತುಳಿದುಕೊಂಡೇ ಹೋಗಬೇಕಾಯಿತು.

ದ್ಯಾಮವ್ವ ತೂಬಿನ ಪಕ್ಕದ ಕಟ್ಟೆಯ ಮೇಲೆ ಕೂತು ನಾಣ್ಯ ಚಿಮ್ಮುತ್ತಿದ್ದರು. ನಮ್ಮ ಗುಂಪಿನ ನಾಣ್ಯವೇ! ಅದು ಅವರ ಚೀಲದಲ್ಲಿ ಹೋಗಿಬಿಟ್ಟಿತ್ತು. ನನ್ನನ್ನು ನೋಡಿ ಆಶ್ಚರ್ಯವನ್ನೇನೂ ತೋರಿಸಲಿಲ್ಲ. ಬರಲೋ ಬೇಡವೋ ಎಂದು ಮೊದಲು ಮನೆಯ ಹೇಳುಗಲ್ಲನ್ನು ಕೇಳಿದರಂತೆ. ಬರುವುದಕ್ಕೆ ಒಂಬತ್ತು ಕಾರಣ, ಬಿಡುವುದಕ್ಕೆ ಒಂಬತ್ತು ಕಾರಣ ಹೇಳಿ ಅದು ಸುಮ್ಮನಾಯಿತು. ಆಮೇಲೆ ದಿನಕ್ಕೊಂದು ಸಲ ನಾಣ್ಯ ಚಿಮ್ಮಿದರು. ತಲೆ ಬಿದ್ದರೆ ಬೇಡ, ಹೂವು ಬಿದ್ದರೆ ಹೋಗುವುದು. ಮೂರೂ ದಿನ ತಲೆಯೇ ಬಿತ್ತು. "ಇವತ್ತ ಹೂವಿನ ಪಾಳಿ ಅಂತ ಖಾತ್ರಿ ಇತ್ತು ನನಗ. ಚಿಮ್ಮಿದೆ ನೋಡು, ಮತ್ತ ತಲಿ! ಸಿಟ್ಟು ಬಂದು ಆಗಿಂದ ಚಿಮ್ಮಾಕ ಹತ್ತೇನಿ, ಇನ್ನೂರಾ ಆರು ಸರ್ತಿ ಆತು. ಇದಕ್ಕ ಪಾಳಿನೂ ಇಲ್ಲ, ನೆನಪೂ ಇಲ್ಲ, ನಾಚಿಕಿ ಮೊದಲ ಇಲ್ಲ. ಅವತ್ತು ನೀವು ಹೇಳಿದ್ದು ಖರೇ ಐತಿ ಬಿಡು."

ಮೂವತ್ತೊಂದು ದಿನ ನಾವೆಲ್ಲ ಸೇರಿ ದಾಟಿಸಲಾಗದ ಲೆಕ್ಕವನ್ನು ಅವರು ಒಬ್ಬರೇ ಕಾಲುವೆ ದಂಡೆಯ ಮೇಲೆ ದಾಟಿದ್ದರು. ಕಟ್ಟೆಯ ಮೇಲೆ ಇದ್ದಿಲಿನಿಂದ ಗೀಚಿದ ತಲೆ ಹೂವುಗಳ ಸಾಲು ಉದ್ದಕ್ಕೆ ಹರಡಿತ್ತು. ನನಗೆ ಅಳು ನಗು ಎರಡೂ ಒಟ್ಟಿಗೆ ಬಂದವು. ಏನೇನೋ ಹೇಳಬೇಕೆಂದು ದಾರಿಯುದ್ದಕ್ಕೂ ಕೂಡಿಸಿಕೊಂಡು ಬಂದಿದ್ದೆ, ಎಲ್ಲವೂ ಮರೆತುಹೋಯಿತು.

"ಬರ್ರಿ" ಎಂದೆ. "ಅವತ್ತ ಹೇಳಬೇಕಾಗಿತ್ತು. ತಪ್ಪಾತು. ನೀವು ಬರ್ರಿ."

"ಇಷ್ಟ ಹೇಳಾಕ ನಾಕ ದಿನ ಬೇಕಾತೇನ ನಿನಗ?" ಎಂದು ಬೈದು, ತೂಬಿನ ಚಕ್ರ ಎರಡು ಸುತ್ತು ತಿರುಗಿಸಿ, ಕೈ ತೊಳೆದುಕೊಂಡು ನನ್ನ ಸೈಕಲ್ಲಿನ ಹಿಂದೆ ಕೂತರು. ಅಷ್ಟರಲ್ಲಿ ಬಿಸಿಲು ಬಂದಿತ್ತು.

ನಲವತ್ತನೆಯ ದಿನ ಐವರೂ ಜಮಖಾನೆಯ ಮೇಲಿದ್ದರು. ದ್ಯಾಮವ್ವ ಆ ವಾರದ ಪರೀಕ್ಷೆಯಲ್ಲಿ ಪಾಸಾಗಿದ್ದರು, ಜಂಬದಿಂದಲ್ಲ ಎಂದು ಹೇಳುತ್ತಲೇ ಮೂರು ಜನರಿಗೆ ಉತ್ತರಪತ್ರಿಕೆ ತೋರಿಸಿದ್ದರು. ನನ್ನ ಶೇಂಗಾ ಚೀಲದ ಮೇಲೆ ನನ್ನ ಹೆಸರು ಹೊಲಿದುಕೊಟ್ಟದ್ದೂ ಅವರೇ. ನಡೆದದ್ದನ್ನು ನಾನು ತಪ್ಪೋಲೆಯಾಗಿ ಬರೆದು ಸಭೆಯಲ್ಲಿ ಓದಿದೆ, ಈ ಸಲ ಯಾರೂ ನಗಲಿಲ್ಲ. ಕೂಡುಕಲಿಕೆಯ ಕೈಪಿಡಿಗೆ ಅಂದೇ ಒಂದು ಸಾಲು ಸೇರಿತು. ದ್ಯಾಮವ್ವನವರೇ ಹೇಳಿ ಬರೆಸಿದ ಸಾಲು ಅದು: ಬರಲೋ ಬೇಡವೋ ಎಂದು ಯಾರಾದರೂ ಕೇಳಿದರೆ, ಜೊತೆಯಾಳು ಬಾಯಲ್ಲಿರುವ ಶೇಂಗಾ ಉಗುಳಿಯಾದರೂ ತಕ್ಷಣ ಉತ್ತರ ಹೇಳತಕ್ಕದ್ದು. ಮುಂದಿನ ವರ್ಷ ಅವರೂ ಜೊತೆಯಾಳು ಆಗಲು ಅರ್ಜಿ ಹಾಕುವವರಿದ್ದಾರೆ. ತಪ್ಪೋಲೆ ಮೂರಿವೆ, ಯಾವುದನ್ನು ಓದಲಿ ಎಂಬುದೊಂದೇ ಅವರ ಚಿಂತೆ.

ಈಗ ನಿನ್ನ ವಿಷಯಕ್ಕೆ ಬರುತ್ತೇನೆ. ನಮ್ಮ ಗ್ರಂಥಾಲಯದ ಮೊದಲ ಮಹಡಿಯಲ್ಲಿ, ಗಾಜಿನ ಕೆಳಗೆ, ಹೇಗೋ ಉಳಿದುಬಂದ ನಿನ್ನ ನೋಟುಬುಕ್ಕಿನ ಒಂದು ಹಾಳೆ ಇದೆ. ನಿನ್ನ ಕಾಲೇಜಿನಲ್ಲಿ ಇಂಥದೇ ಪದ್ಧತಿಯನ್ನು ಮೊದಲ ಸಲ ಶುರುಮಾಡಿ, ಕಿರಿಯರ ಜೊತೆ ಕೂರಲು ಎರಡನೇ ವರ್ಷದವರು ಹೆಸರು ಕೊಡಬೇಕೆಂದು ನೋಟಿಸು ಹಾಕಿದ್ದರಂತೆ. ಅಂಚಿನಲ್ಲಿ ನೀಲಿ ಶಾಯಿಯಲ್ಲಿ ನೀನು ಬರೆದಿದ್ದೀಯ: 'ನಾಳೆ ಕೊನೇ ದಿನ. ಹೋದ ವರ್ಷ ಸ್ಟಾಟ್ಸ್‌ನಲ್ಲಿ ನಾನೇ ಫೇಲು. ನಗ್ತಾರೆ. ಹೆಸರು ಕೊಡಲೋ ಬೇಡವೋ? ಮೂರು ಜನರನ್ನ ಕೇಳಿದೆ, ಯಾರೂ ಏನೂ ಹೇಳಲಿಲ್ಲ.' ಮುಂದಿನ ಹಾಳೆಗಳನ್ನು ಹುಳು ತಿಂದಿದೆ. ನೀನು ಏನು ಮಾಡಿದೆ ಎಂದು ಇಲ್ಲಿ ಯಾರಿಗೂ ಗೊತ್ತಿಲ್ಲ. ಮೊದಲ ವರ್ಷ ಆ ಹಾಳೆಯ ಮುಂದೆ ಎಷ್ಟೋ ಸಲ ಹಾದುಹೋಗಿದ್ದೆ. ಕಾಲುವೆಯಿಂದ ಬಂದ ದಿನ ಮಾತ್ರ ಅಲ್ಲಿ ನಿಂತೆ, ಬಹಳ ಹೊತ್ತು ನಿಂತೆ.

ನಗುತ್ತಾರೆ, ಅದು ನಿಜ. ನನ್ನ ಮೈನಸ್ ಮಳೆಗೆ ಈಗಲೂ ನಗುತ್ತಾರೆ. ಅಂಥ ನಗುವಿನಿಂದ ಇದುವರೆಗೆ ಯಾರೂ ಸತ್ತ ದಾಖಲೆ ಇಲ್ಲ. ಆದರೆ ನಿನ್ನ ಹಿಂದಿನ ಬೆಂಚಿನಲ್ಲಿ ಯಾರೋ ಒಬ್ಬರು ಇದೇ ವಾರ ಪುಸ್ತಕಗಳನ್ನು ಚೀಲಕ್ಕೆ ಹಾಕಿಕೊಂಡು ಎದ್ದು ನಿಂತಿರಬಹುದು. ಸ್ಟಾಟ್ಸ್‌ನಲ್ಲಿ ಫೇಲಾಗುವುದು ಹೇಗಿರುತ್ತದೆ ಎಂದು ಬಲ್ಲವರು ಅವರಿಗೆ ಬೇಕು.

ಈ ಪತ್ರ ಸಿಗುವ ಹೊತ್ತಿಗೆ ನಿನ್ನ ಆ 'ನಾಳೆ' ಇನ್ನೂ ಬಂದಿರದಿರಲಿ. ಬರೆಯಲು ಕೂರುವ ಮುಂಚೆ ನನ್ನ ಶೇಂಗಾ ಚೀಲವನ್ನು ಗೂಟಕ್ಕೆ ತೂಗುಹಾಕಿ, ಬಾಯಿ ಮುಕ್ಕಳಿಸಿ ಬಂದಿದ್ದೇನೆ.

ಹೆಸರು ಕೊಡು, ಹಸೀನಾ.

ನಿನ್ನ
ನೀಲಗಂಗಾ