ಸಾಬಿರಾ ಬರೆದ 'ಹೌದು'

14 ಜುಲೈ 1997, ಸೋಮವಾರ
ವಿಮಾನಪುರದಿಂದ ಬಸ್ಸು ಇವತ್ತೂ ಲೇಟು. ಶಿವಾಜಿನಗರ ತಲುಪುವಾಗ ಪ್ರೇಯರ್ ಮುಗಿದಿತ್ತು. ಹತ್ತನೇ ಕ್ಲಾಸಿಗೆ ಟೆಸ್ಟ್ ಪೇಪರ್ ವಾಪಸ್ ಕೊಟ್ಟೆ. 'ಸುರುಳಿಯ ತಂತಿ ದಪ್ಪವಾದರೆ ಪ್ರೇರಿತ ವಿದ್ಯುತ್ ಪ್ರವಾಹ ಹೆಚ್ಚುವುದೇ?' ಇಲ್ಲ — ನನ್ನ ನೋಟ್ಸಿನ ಉತ್ತರ. ಸಾಬಿರಾ ಒಬ್ಬಳೇ 'ಹೌದು' ಅಂತ ಬರೆದಿದ್ದಳು. ತಪ್ಪು ಹಾಕಿದ್ದೆ. ಎದ್ದು ನಿಂತಳು.
"ನಮ್ಮ ಅಬ್ಬಾ ಮೋಟಾರ್ ವೈಂಡಿಂಗ್ ಮಾಡ್ತಾರೆ ಮಿಸ್. ನಾನೂ ತಂತಿ ಸುತ್ತೋಕೆ ಕೂರ್ತೀನಿ. ದಪ್ಪ ತಂತೀಲಿ ಕರೆಂಟ್ ಜಾಸ್ತಿನೇ."
"ಇದು ಸ್ಕೂಲು. ನಿಮ್ಮಪ್ಪನ ಅಂಗಡಿ ಅಲ್ಲ" ಅಂದೆ. ಕ್ಲಾಸ್ ನಕ್ಕಿತು.

16 ಜುಲೈ
ಲ್ಯಾಬಿನಲ್ಲಿ ಮಾಡಿ ನೋಡಿದೆ. ದಪ್ಪ ತಂತಿಯದೊಂದು, ಸಣ್ಣ ತಂತಿಯದೊಂದು ಸುರುಳಿ. ಗ್ಯಾಲ್ವನೋಮೀಟರ್ ಮುಳ್ಳು ಎರಡಕ್ಕೂ ಹೆಚ್ಚುಕಡಿಮೆ ಒಂದೇ. ನಾನೇ ಸರಿ.
ಸಾಬಿರಾ ನಿನ್ನೆಯಿಂದ ಬಂದಿಲ್ಲ.

22 ಜುಲೈ, ಸಂಜೆ
ಇನ್ನೂ ಬಂದಿಲ್ಲ. ಸ್ಕೂಲ್ ಬಿಟ್ಟ ಮೇಲೆ ಅವರ ಅಂಗಡಿಗೇ ಹೋದೆ. ವಾರ್ನಿಶ್ ವಾಸನೆ. ಅವಳ ತಂದೆ ಶಫಿ ಸ್ಟೂಲ್ ಒರೆಸಿ ಕೊಟ್ಟರು.
"ಸ್ಕೂಲಿಗೆ ಹೋಗಲ್ಲ ಅಂತ ಹಟ, ಮೇಡಂ. ಯಾಕೆ ಅಂದ್ರೆ ಹೇಳಲ್ಲ."
ಸಾಬಿರಾ ಫ್ಯಾನ್ ಕಾಯಿಲ್ ಸುತ್ತುತ್ತಿದ್ದಳು. ತಲೆ ಎತ್ತಲಿಲ್ಲ. ಲ್ಯಾಬಿನಲ್ಲಿ ಕಂಡದ್ದು ಹೇಳಿದೆ.
"ಮೀಟರ್ ಒಳಗಿರೋದೇ ಕೂದಲೆಳೆ ತಂತಿ, ಮಿಸ್. ಅದೇ ತಡೆಯುತ್ತೆ. ಮೀಟರ್ ಬೇಡ."
ಎರಡು ಸುರುಳಿ ತಂದಳು. ಎರಡಕ್ಕೂ ಸುತ್ತು ಅಷ್ಟೇ, ತಂತಿಯ ದಪ್ಪ ಬೇರೆ. ಪ್ರತಿ ಸುರುಳಿಯ ಎರಡು ತುದಿಗಳನ್ನು ಒಂದಕ್ಕೊಂದು ಜೋಡಿಸಿ, ಸ್ಪೀಕರ್ ಮ್ಯಾಗ್ನೆಟ್ ಒಂದನ್ನು ದಾರದಲ್ಲಿ ಕಟ್ಟಿ ಮೇಲೆ ತೂಗಿಬಿಟ್ಟಳು. ಸಣ್ಣ ತಂತಿಯ ಮೇಲೆ ಮೂವತ್ತೆಂಟು ಸಲ ತೂಗಿ ನಿಂತಿತು. ದಪ್ಪ ತಂತಿಯ ಮೇಲೆ ಹನ್ನೆರಡು. ಸುರುಳಿಯಲ್ಲಿ ಹುಟ್ಟಿದ ಕರೆಂಟೇ ಮ್ಯಾಗ್ನೆಟ್ಟನ್ನು ಹಿಡಿದು ನಿಲ್ಲಿಸೋದು. ಜಾಸ್ತಿ ಇದ್ದಲ್ಲಿ ಬೇಗ.
ವೋಲ್ಟೇಜ್ ಎರಡಕ್ಕೂ ಒಂದೇ. ದಪ್ಪ ತಂತಿಯಲ್ಲಿ ತಡೆ ಕಮ್ಮಿ, ಕರೆಂಟ್ ಹೆಚ್ಚು. ವೋಲ್ಟೇಜಿನ ಉತ್ತರವನ್ನು ಕರೆಂಟಿಗೆ ಬರೆಸುತ್ತಾ ಬಂದಿದ್ದೇನೆ.
"ತಪ್ಪು ನಂದು. ನಾಳೆ ಬಾ."
"ಎಲ್ಲರ ಮುಂದೆ ಹೇಳ್ತೀರಾ, ಮಿಸ್?"
"ಹೇಳ್ತೀನಿ."
ಶಫಿ ಮಗಳನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ.

23 ಜುಲೈ
ಬಂದಳು. ಹೇಳಿದೆ. ಅಂಗಡಿಯ ಮಾತಿಗೂ ಸಾರಿ ಕೇಳಿದೆ. ಮ್ಯಾಗ್ನೆಟ್ ತೂಗಿ ತೋರಿಸಿದ್ದು ಅವಳೇ. ಯಾರೂ ನಗಲಿಲ್ಲ.
ಕೊನೇ ಬೆಂಚಿನ ಆದಿಲಕ್ಷ್ಮಿ ಕೇಳಿದಳು: "ನಮ್ಮಕ್ಕನೂ ನಿಮ್ಮ ಹತ್ರಾನೇ ಓದಿದ್ದು, ಮಿಸ್. ಅವಳಿಗೆ ಯಾರು ಹೇಳ್ತಾರೆ?"
ಹದಿನಾಲ್ಕು ವರ್ಷ ಅದೇ ನೋಟ್ಸು. ಅಷ್ಟು ಹುಡುಗಿಯರಲ್ಲಿ ಯಾರೋ ಒಬ್ಬಳು 'ಹೌದು' ಅಂತ ಬರೆದು, ಎದ್ದು ನಿಲ್ಲೋಕೆ ಹೆದರಿ ನನ್ನ ತಪ್ಪನ್ನೇ ಸರಿ ಅಂತ ಒಪ್ಪಿಕೊಂಡಿರಬಹುದು.