ನದಿಗೆ ಕೊಡಲಾರದ್ದು

ಇಂಡಿಗಿರ್ಕಾ ನದಿಯ ಕೆಳದಂಡೆ,
ಸೆಪ್ಟೆಂಬರ್ ೧೮

ಪ್ರೀತಿಯ ತಂಗಿ ಮಾರ್ಫಾ,

ನೀನೂ ನಿನ್ನ ಗಂಡನೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಉತ್ತರ ತಡವಾಯಿತು, ಕೋಪ ಮಾಡಿಕೊಳ್ಳಬೇಡ. ನಿಮ್ಮ ಕಡೆಯ ಕಾಡು ಉರಿದ ಹೊಗೆ ಇಲ್ಲಿಯವರೆಗೂ ಕವಿದು, ಬೇಸಿಗೆಯೆಲ್ಲ ಅಂಚೆಯ ಹೆಲಿಕಾಪ್ಟರ್ ಸರಿಯಾಗಿ ಬರಲಿಲ್ಲ. ಅದೊಂದೇ ಕಾರಣವೂ ಅಲ್ಲ. ಬರೆಯಲು ಕೂತಾಗಲೆಲ್ಲ ಎದ್ದು ಹೋಗುತ್ತಿದ್ದೆ.

ಈ ವರ್ಷ ಹಿಮಸಾರಂಗಗಳು ಬಡವಾಗಿವೆ. ಸೊಳ್ಳೆಯ ಕಾಟಕ್ಕೆ ಎಂದಿನಂತೆ ಕಡಲ ಕಡೆ ಹೊಡೆದುಕೊಂಡು ಹೋದರೆ ಅಲ್ಲಿ ಸೊಳ್ಳೆ ಓಡಿಸುವ ಗಾಳಿಯೇ ಇಲ್ಲ. ನಾವು ಚಿಕ್ಕವರಿದ್ದಾಗ ಮೊಣಕಾಲು ದಾಟದಿದ್ದ ಪೊದೆಗಳು ಈಗ ನನ್ನ ತಲೆಗಿಂತ ಎತ್ತರ. ಅವುಗಳ ನೆರಳಲ್ಲಿ ಮಂದೆ ಮೇಯುವ ಬಿಳಿ ಪಾಚಿ ಬೆಳೆಯುವುದಿಲ್ಲ. ಅಪ್ಪ ಬಾತು ಹೊಡೆಯುತ್ತಿದ್ದ ಕೆರೆ ದಡ ಒಡೆದುಕೊಂಡು ಬರಿದಾಯಿತು. ಕೆಸರಿನಲ್ಲಿ ಮೀನುಗಳು ಬಡಿದಾಡುವುದನ್ನು ನೋಡುತ್ತ ನಿನ್ನ ಭಾವ, "ಈ ಊರಿನ ಋಣ ಮುಗೀತು ಕಣೇ," ಅಂದರು.

ಮಾಂಸ, ಮೀನು ಇಡುತ್ತಿದ್ದ ನೆಲದಡಿಯ ಮಂಜಿನ ಕೋಣೆಗೂ ನೀರು ನುಗ್ಗಿ ಎಲ್ಲ ಕೊಳೆತುಹೋಯಿತು. ಪಕ್ಕದ ಮನೆಯ ಹ್ರಿಸ್ತೀನಜ್ಜಿ ಮೂಗು ಮುಚ್ಚಿಕೊಂಡು, "ಈ ಸಲ ಹಬ್ಬ ನಮಗಲ್ಲ, ನಾಯಿಗಳಿಗೆ," ಅಂದಳು. ನಕ್ಕೆ. ಆಮೇಲೆ ಒಳಗೆ ಹೋಗಿ ಅತ್ತೆ.

ಹಿಮ ಗಟ್ಟಿಯಾದ ಕೂಡಲೇ ಮಂದೆಯೊಂದಿಗೆ ದಕ್ಷಿಣಕ್ಕೆ, ಮರಗಳು ಶುರುವಾಗುವಲ್ಲಿಗೆ ಹೊರಡುತ್ತೇವೆ. ಅಲ್ಲಿ ತೋಳಗಳಿವೆ, ನಮಗೆ ಕಾಡಿನ ಅಭ್ಯಾಸವಿಲ್ಲ. ಆದರೂ ನಿನಗೆ ಹತ್ತಿರವಾಗುತ್ತೇವಲ್ಲ.

ಊಟಕ್ಕೆ ಮುಂಚೆ ಬೆಂಕಿಗೆ ತುತ್ತು ಹಾಕುವಾಗ ನಿನ್ನ ಹೆಸರನ್ನೂ ಹೇಳುತ್ತೇವೆ. ನಿನ್ನ ಒಲೆ ಆರದಿರಲಿ.

ನಿನ್ನ ಅಕ್ಕ,
ಅಕುಲೀನಾ

ಮತ್ತೆ: ಮೇಲೆ ಬರೆಯಲಾಗದ್ದನ್ನು ಇಲ್ಲಿ ಬರೆಯುತ್ತೇನೆ. ಫೋನಿನಲ್ಲಿ ಹೇಳೋಣವೆಂದರೆ ಬಾಯಿ ಬರಲಿಲ್ಲ.

ಜುಲೈಯಲ್ಲಿ ನದಿಯ ದಂಡೆ ಕುಸಿಯುತ್ತ ಸ್ಮಶಾನದವರೆಗೂ ಬಂತು. ನಿನ್ನ ಮಗಳು ಉಲ್ಯಾಳ ಗೋರಿ ಅಂಚಿನಲ್ಲಿತ್ತು. ನಿನ್ನ ಭಾವ ಗುದ್ದಲಿ ಹಿಡಿದು ಹೋದಾಗ ಹ್ರಿಸ್ತೀನಜ್ಜಿ ಅಡ್ಡ ನಿಂತಳು.

"ಸತ್ತವರನ್ನ ಎಬ್ಬಿಸಬಾರದು ಕಣೋ."

"ಎಬ್ಬಿಸ್ತಿಲ್ಲಜ್ಜಿ, ಎತ್ಕೊಂಡು ಹೋಗ್ತಿದೀನಿ. ಮಗೂನ ನದಿಗೆ ಕೊಡೋಕಾಗಲ್ಲ."

ಅಜ್ಜಿ ತನ್ನ ಶಾಲು ತೆಗೆದು ನನ್ನ ಕೈಗಿಟ್ಟಳು. ಅಗೆದಾಗ ಶವಪೆಟ್ಟಿಗೆಯ ಹಲಗೆಗಳು ಬಿಟ್ಟುಕೊಂಡಿದ್ದವು.

ಮಾರ್ಫಾ, ಹೆಪ್ಪುಗಟ್ಟಿದ ನೆಲ ಅವಳನ್ನು ಹಾಗೆಯೇ ಇಟ್ಟಿತ್ತು. ನೀನು ಹೆಣೆದ ಜಡೆ ಬಿಚ್ಚಿರಲಿಲ್ಲ. ಎಷ್ಟೋ ವರ್ಷವಾಯಿತು, ನಮಗೆಲ್ಲ ವಯಸ್ಸಾಯಿತು, ಅವಳಿಗೆ ಮಾತ್ರ ಇನ್ನೂ ಐದು. ಶಾಲಿನಲ್ಲಿ ಸುತ್ತಿ, ಅಂದೇ ದೋಣಿಯಲ್ಲಿ ನದಿಯ ಮೇಲ್ಗಡೆಗೆ ಒಯ್ದು, ಮರಗಳ ನಡುವೆ ಮತ್ತೆ ಮಣ್ಣಲ್ಲಿ ಮಲಗಿಸಿದೆವು.

ನೀನು ಒಮ್ಮೆ ಮುಖ ನೋಡಲೆಂದು ಕಾಯುವ ಆಸೆ ನನಗೆ ಬಹಳ ಇತ್ತು. ಆದರೆ ಬಿಸಿಲು ಏರುತ್ತಿತ್ತು, ಮಾರ್ಫಾ. ನೀನು ಬರುವವರೆಗೆ ಅವಳು ಹಾಗೆಯೇ ಉಳಿಯುತ್ತಿರಲಿಲ್ಲ.