ಕಸ್ತೂರಿಗೆ ಬಾರದ ತುರಿಕೆ

ಎರಡನೆಯ ಶ್ರಾವಣ, ಮೂವತ್ನಾಲ್ಕನೆಯ ದಿನ, ಇಸವಿ 2163

ನನ್ನ ಮುತ್ತಜ್ಜಿಗೂ ಹಿಂದಿನ ತಾಯಂದಿರಿಗೆ ಫಕೀರವ್ವನ ಶರಣು. ತಾರೀಖು ನೋಡಿ ನಗಬೇಡಿ. ಮಳೆ ಸರಿದು ಸರಿದು ಶ್ರಾವಣ ಎರಡಾಯಿತು, ತಿಂಗಳು ಉದ್ದವಾದವು. ನಾನು ಶಾಲೆ ಕಂಡದ್ದು ನಾಲ್ಕನೆಯ ಇಯತ್ತೆಯವರೆಗೆ. ನನ್ನ ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನೀವು ಎಬ್ಬಿಸಿಟ್ಟು ಹೋದ ಧೂಳು ಇಲ್ಲಿ ವರ್ಷಕ್ಕೆ ಐದು ತಿಂಗಳು ಬೀಸುತ್ತದೆ. ಜೋಳವನ್ನು ಪರದೆಯೊಳಗೆ ಬೆಳೆಯುತ್ತೇವೆ, ರೊಟ್ಟಿ ಬಡಿಯುವಾಗಲೂ ಮೂಗಿಗೆ ಬಟ್ಟೆ ಕಟ್ಟುತ್ತೇವೆ. ಆದರೂ ಓಣಿಗೆ ಇಬ್ಬರು ಮೂವರ ಶ್ವಾಸಕೋಶದಲ್ಲಿ ಕ್ಯಾನ್ಸರ್ ಗಡ್ಡೆ, ನನಗೂ. ಆ ಜಗಳ ಇವತ್ತು ಬೇಡ. ನೀವು ಇಮ್ಯುನೋಥೆರಪಿ ಅನ್ನುತ್ತಿದ್ದಿರಂತೆ, ನಾವು ಎಚ್ಚರಮದ್ದು ಅನ್ನುತ್ತೇವೆ: ಮೈಯೊಳಗೆ ಮಲಗಿದ ಕಾವಲುಗಾರರನ್ನು ಎಬ್ಬಿಸಿ ಗಡ್ಡೆಯ ಮೇಲೆ ಬಿಡುತ್ತದೆ. ಎದ್ದವರು ಕೆಲವೊಮ್ಮೆ ಮನೆಯವರನ್ನೇ ಬಡಿಯುತ್ತಾರೆ. ನನಗೆ ಮೈತುಂಬ ತುರಿಕೆ, ಭೇದಿ. ಥೈರಾಯ್ಡ್ ಕೆಟ್ಟು ಈಗ ದಿನಾ ಗುಳಿಗೆ. ಆಸ್ಪತ್ರೆಯಲ್ಲಿ ನರಕ್ಕೆ ಹನಿಯುವ ಮದ್ದಿನ ಬಾಟಲಿಯ ಕೆಳಗೆ ಕೂತು, ಕೆರೆದುಕೊಳ್ಳುತ್ತ, ಡಾಕ್ಟರರ ಏಳು ತಲೆಮಾರು ಜಾಲಾಡಿದೆ. ಪಕ್ಕದ ಕುರ್ಚಿಯಲ್ಲಿ ನಮ್ಮ ಓಣಿಯ ಕಸ್ತೂರಿ. ಮೂವತ್ತು ದಾಟಿದ ಹುಡುಗಿ, ಅದೇ ರೋಗ, ಅದೇ ಮದ್ದು, ಮೈಮೇಲೆ ಒಂದು ಗುಳ್ಳೆ ಇಲ್ಲ. "ನಿನ್ನ ಪುಣ್ಯ ನೋಡವಾ, ಚರ್ಮ ಬೆಣ್ಣಿ ಹಂಗೈತಿ" ಅಂದೆ. ನಕ್ಕಳು.

ಉಸಿರುಗನ್ನಡಿಯಲ್ಲಿ, ಅಂದರೆ ಎದೆಯ ಒಳಗನ್ನು ತೋರಿಸುವ ಯಂತ್ರದಲ್ಲಿ, ನನ್ನ ಗಡ್ಡೆ ಕರಗಿ ಕಡಲೆಕಾಳಿನಷ್ಟಾಗಿತ್ತು. ಅವಳದು ಇದ್ದಷ್ಟೇ ಇತ್ತು. ತುರಿಕೆ ಬಂದವರಿಗೆ ಮದ್ದು ಹಿಡಿಯುವುದು ಹೆಚ್ಚು ಎಂದು ಯಾರೋ ಅವಳ ಕಿವಿಗೆ ಹಾಕಿದರು. ಮರುದಿನವೇ ನನ್ನ ಬಾಗಿಲಿಗೆ ಬಂದಳು.

"ದೊಡ್ಡವ್ವಾ, ನೀ ಉಟ್ಟ ಸೀರಿ ಒಂದು ಕೊಡು."

ಹುಟ್ಟಿದ ಕೂಸನ್ನು ಬಾಳಿ ಬದುಕಿದ ಮುದುಕಿಯ ಹಳೆ ಸೀರೆಯಲ್ಲಿ ಸುತ್ತುವುದು ನಮ್ಮ ಪದ್ಧತಿ, ಆಯುಷ್ಯ ಅಂಟಲಿ ಎಂದು.

"ಏ ಹುಚ್ಚಿ, ನೀಯೇನ್ ಕೂಸಾ? ಸೀರಿಯಿಂದ ಮದ್ದು ಹತ್ತತೈತೇನು?"

"ಮದ್ದು ಬ್ಯಾಡ. ನಿನ್ನ ತುರಿಕಿ ಹತ್ತಿದ್ರ ಸಾಕು."

ಒಳಗೆ ಹೋಗಿ ಗೂಟದ ಮೇಲಿನ ಸೀರೆ ತಂದೆ. ಕೊಟ್ಟೆ.

ನಿನ್ನೆ ಅದನ್ನೇ ಉಟ್ಟು ಬಂದಿದ್ದಳು. ಮೊಣಕೈ ಚಾಚಿ "ಬಂತು ನೋಡು" ಅಂದಳು. ಕೆಂಪಾಗಿತ್ತು, ನಡುನಡುವೆ ಅವಳದೇ ಉಗುರಿನ ಗೀರು. "ಹೌದವಾ, ಬಂತು" ಅಂದೆ. ಎಪ್ಪತ್ತೆಂಟು ವರ್ಷ ಯಾರಿಗೂ ತಗ್ಗದ ತಲೆ ಅವಳ ಮುಂದೆ ಮೇಲೇಳಲಿಲ್ಲ. ಬದುಕಿ ಉಳಿದದ್ದಕ್ಕೆ ಇಷ್ಟು ನಾಚಿಕೆಯಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ತುರಿಕೆ ಬಾರದವರಿಗೂ ಮದ್ದು ಹಿಡಿದದ್ದುಂಟು, ತಡವಾಗಿ ಹಿಡಿದದ್ದೂ ಉಂಟು ಎಂದು ಡಾಕ್ಟರಮ್ಮ ಹೇಳುತ್ತಾರೆ. ಆ ಕೆಂಪು ತನ್ನ ಉಗುರಿನದೆಂದು ಒಳಗೊಳಗೇ ಬಲ್ಲ ಕಸ್ತೂರಿ ನಂಬುವುದಿಲ್ಲ. "ಅಂಥಾಕಿ ಒಬ್ಬಾಕಿನ್ನ ತೋರಸ್ರಿ, ಇಲ್ಲಾ ಮುಂದಿನ ಬಾಟ್ಲಿ ಬ್ಯಾಡ" ಅನ್ನುತ್ತಾಳೆ. ನಿಮ್ಮ ಕಾಲದ ರೋಗಿಗಳು ಬರೆದಿಟ್ಟ ಕಾಗದಗಳನ್ನೆಲ್ಲ ಓದಿಸಿದೆ. ಎಲ್ಲವೂ ನನ್ನಂಥವರ ಗೋಳು, ನನ್ನಂಥವರ ಜಂಬ. ಸುಮ್ಮನೆ ಮದ್ದು ಹಾಕಿಸಿಕೊಂಡು, ಸುಮ್ಮನೆ ಗುಣವಾಗಿ, ರೊಟ್ಟಿ ಬಡಿಯಲು ಹೋದವಳು ಒಂದು ಸಾಲೂ ಬರೆದಿಲ್ಲ.

ನಿಮ್ಮಲ್ಲಿ ಅಂಥವಳಿದ್ದರೆ ಈಗಲೇ ಬರೆಯಿರಿ. ಸುಳ್ಳು ಬೇಡ, ಅದನ್ನು ನಾನೇ ಹೇಳಿಯಾಗಿದೆ. ಹೆಸರು, ಊರು ಹಾಕಿ. ನೀವು ಇಂದು ಬರೆದದ್ದು ನಾಳೆ ನಮಗೆ ಹಳೆಯ ಕಾಗದವಾಗಿ ಸಿಗುತ್ತದೆ. ಕಸ್ತೂರಿಯ ಬಾಟಲಿ ಗುರುವಾರ. ಅಷ್ಟರೊಳಗೆ ಸಿಕ್ಕರೆ ಅವಳ ಪಕ್ಕ ಕೂತು ನಾನೇ ಓದುತ್ತೇನೆ, ಅಕ್ಷರ ಕೂಡಿಸಿ ಕೂಡಿಸಿ ಆದರೂ.

ಫಕೀರವ್ವ